ಡಿಕ್ಕಿಯಲ್ಲೊಂದು ಬುತ್ತಿ

ಪ್ರಯಾಣ ಎಂದರೆ ಗಂಡಸರಿಗೆ ಟಿಕೆಟ್ಟು, ಮಕ್ಕಳಿಗೆ ಕಿಟಕಿ, ಹೆಂಗಸರಿಗೆ ಬುತ್ತಿ. ಯಾವ ಊರಿಗೆ ಹೊರಟರೂ ಹಿಂದಿನ ರಾತ್ರಿ ಹನ್ನೊಂದರವರೆಗೆ ಒಲೆಯ ಮುಂದೆ ನಿಂತು, ಬೆಳಿಗ್ಗೆ ನಾಲ್ಕಕ್ಕೆದ್ದು ಅನ್ನ ಆರಹಾಕಿ, ಬಸ್ಸು ಹತ್ತುವ ಹೊತ್ತಿಗೆ ನಮ್ಮ ಅರ್ಧ ಜೀವ ಹೋಗಿರುತ್ತದೆ. ಧರ್ಮಸ್ಥಳವಾದರೂ ಸರಿ, ದೆಹಲಿಯಾದರೂ ಸರಿ, ಮೊದಲ ದಿನಕ್ಕೆ ಪುಳಿಯೋಗರೆ, ಎರಡನೇ ದಿನಕ್ಕೆ ಚಪಾತಿ, ಮೂರನೇ ದಿನಕ್ಕೆ ಅವಲಕ್ಕಿ, ಆಪತ್ಕಾಲಕ್ಕೆ ಕೋಡುಬಳೆ. ಇದು ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ ಬಂದ ವೇಳಾಪಟ್ಟಿ. ‘ದೇಶ ಸುತ್ತು, ಕೋಶ ಓದು’ ಎಂದ ಹಿರಿಯರು, ಸುತ್ತುವವರ ಡಬ್ಬಿ ತುಂಬುವವರು ಯಾರು ಎಂಬುದನ್ನು ಮಾತ್ರ ಹೇಳದೆ ಬಿಟ್ಟರು.

ಬುತ್ತಿ ಕಟ್ಟುವುದಕ್ಕೆ ನಾವು ಕೊಡುವ ಕಾರಣಗಳು ಹಲವು. ಹೋಟೆಲಿನಲ್ಲಿ ಸೋಡ ಹಾಕುತ್ತಾರೆ, ದುಡ್ಡು ದಂಡ, ಮಕ್ಕಳ ಹೊಟ್ಟೆ ಕೆಡುತ್ತದೆ. ನಮ್ಮಜ್ಜಿಯ ಕಾರಣ ಒಂದೇ, ಮಡಿ. ರೈಲಿನಲ್ಲಿ ಕಾಶಿಯವರೆಗೆ ಹೋಗಿಬಂದರೂ ಆಕೆ ಕಂಡವರ ಕೈಯಿಂದ ಒಂದು ಲೋಟ ನೀರನ್ನೂ ಮುಟ್ಟಲಿಲ್ಲವೆಂಬುದು ನಮ್ಮ ಮನೆಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದ ಕಥೆ. ನಾನು ಮಡಿಯವಳಲ್ಲ. ಆದರೂ ಊರು ಬಿಡುವಾಗ ಕೈ ಸುಮ್ಮನಿರುವುದಿಲ್ಲ. ಅಮೆರಿಕದಲ್ಲಿ ಐದು ದಿನ ಕಾರಿನಲ್ಲಿ ಸುತ್ತುವುದಕ್ಕೂ ನಾನು ಬುತ್ತಿ ಕಟ್ಟಿದೆ. ಆ ಬುತ್ತಿಯ ನೆಪದಲ್ಲಿ ನಿಮ್ಮೊಡನೆ ನಾಲ್ಕು ಮಾತಾಡಬೇಕಾಗಿದೆ.

ಅದು 2024ರ ಮೇ ತಿಂಗಳು, ನಮ್ಮ ಬೇಸಿಗೆ ರಜೆ. ಮಗಳು ಅಳಿಯ ಇರುವುದು ನಾರ್ತ್ ಕ್ಯಾರೊಲೈನಾ ರಾಜ್ಯದ ರಾಲಿ ನಗರದ ಪಕ್ಕ, ಕ್ಯಾರಿ ಎಂಬ ಊರಿನಲ್ಲಿ. ನಮ್ಮವರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಮೊದಲ ಸಲ ಇಬ್ಬರೂ ಕೂಡಿ ಹೋಗಿದ್ದೆವು. ಅಮೆರಿಕಕ್ಕೆ ಹೋಗಿ ಬಂದವರನ್ನು ನಮ್ಮೂರಿನಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: “ನಯಾಗರ ನೋಡಿದಿರಾ?” ಇಲ್ಲಪ್ಪ, ನೋಡಲಿಲ್ಲ. ಅಳಿಯನಿಗೆ ಸಿಕ್ಕಿದ್ದು ಐದೇ ದಿನದ ರಜೆ. “ಅತ್ತೆ, ನೀರು ಬೀಳೋದನ್ನ ನೀವು ಜೋಗದಲ್ಲಿ ನೋಡಿದೀರ. ಸಮಾಜ ಪಾಠ ಹೇಳೋರು ನೀವು. ಈ ಸಲ ನಿಮ್ಮ ಪಾಠದ ಊರುಗಳಿಗೇ ಹೋಗೋಣ, ದಾರಿಯಲ್ಲಿ ಚೆನ್ನಾಗಿ ತಿಂದುಕೊಂಡು” ಎಂದ. ಅಲ್ಲಿ 85ನೇ ನಂಬರಿನ ಹೆದ್ದಾರಿ ಎಂದೊಂದಿದೆ. ವರ್ಜೀನಿಯಾದ ಪೀಟರ್ಸ್‌ಬರ್ಗ್‌ನಲ್ಲಿ ಶುರುವಾಗಿ ಅಲಬಾಮಾದ ಮಾಂಟ್ಗಮರಿಯಲ್ಲಿ ಮುಗಿಯುವ ಈ ರಸ್ತೆಯ ಉದ್ದ ಸಾವಿರ ಕಿಲೋಮೀಟರಿಗೂ ಮಿಕ್ಕು. ಅದನ್ನು ನಡುವೆ ಹಿಡಿದು ಗ್ರೀನ್ಸ್‌ಬರೊ, ಷಾರ್ಲಟ್, ಅಟ್ಲಾಂಟಾ ನೋಡಿಕೊಂಡು ಕೊನೆಯ ಮಾಂಟ್ಗಮರಿಯವರೆಗೆ ಹೋಗಿ ಬರುವುದೆಂದು ಗೊತ್ತಾಯಿತು.

ಹೊರಡುವ ಹಿಂದಿನ ರಾತ್ರಿ ಮಗಳ ಅಡುಗೆಮನೆಯಲ್ಲಿ ದೊಡ್ಡ ವಾಗ್ವಾದ. “ಅಮ್ಮ, ದಾರಿಯುದ್ದಕ್ಕೂ ಹೋಟೆಲಿದೆ, ಸುಮ್ಮನೆ ಮಲಗು” ಎಂದು ಅವಳು. “ನಿಮ್ಮಪ್ಪನಿಗೆ ಮೊಸರನ್ನ?” ಎಂದು ನಾನು. ಈ ಪ್ರಶ್ನೆಗೆ ಮೂವತ್ತು ವರ್ಷದಿಂದ ನಮ್ಮ ಮನೆಯಲ್ಲಿ ಯಾರ ಬಳಿಯೂ ಉತ್ತರವಿಲ್ಲ. ಐಸಿನ ಪೆಟ್ಟಿಗೆಯೊಂದರಲ್ಲಿ ಮೊಸರನ್ನ, ಸ್ಟೀಲಿನ ಡಬ್ಬಿಯಲ್ಲಿ ಪುಳಿಯೋಗರೆ, ಚಟ್ನಿಪುಡಿ, ನಿಪ್ಪಟ್ಟು ಎಲ್ಲವೂ ಕಾರಿನ ಡಿಕ್ಕಿ ಸೇರಿದವು.

ಅಮೆರಿಕದ ಹೆದ್ದಾರಿಯಲ್ಲಿ ನೋಡಲು ಏನೂ ಇಲ್ಲ ಎಂದರೆ ತಪ್ಪಾಗದು. ಎರಡೂ ಕಡೆ ಮರ, ಮುಂದೆ ಲಾರಿ, ಹಿಂದೆ ಲಾರಿ. ಹಸು ಇಲ್ಲ, ಎಳನೀರಿನವನಿಲ್ಲ, ನಡೆಯುವ ಮನುಷ್ಯ ಮೊದಲೇ ಇಲ್ಲ. ನನ್ನ ಕಣ್ಣಿಗೆ ಹಿಡಿಸಿದ್ದು ರಸ್ತೆ ಬದಿಯ ನೀಲಿ ಹಲಗೆಗಳು. ಮುಂದಿನ ತಿರುವಿನಲ್ಲಿ ಇಳಿದರೆ ಪೆಟ್ರೋಲು ಎಲ್ಲಿ, ಮಲಗಲು ಜಾಗ ಎಲ್ಲಿ, ತಿನ್ನಲು ಯಾವ ಯಾವ ಅಂಗಡಿ ಎಂದು ಚಿತ್ರ ಸಮೇತ ಹಾಕಿರುತ್ತಾರೆ. ಹಸಿದವನು ಯಾರನ್ನೂ ಕೇಳಬೇಕಾಗಿಲ್ಲ. ಎಂಥ ಒಳ್ಳೆಯ ಏರ್ಪಾಡು ಎಂದುಕೊಂಡೆ. ಈ ಹಲಗೆಗಳ ಮಾತು ಮುಂದೆ ಇನ್ನೊಮ್ಮೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಗ್ರೀನ್ಸ್‌ಬರೊದಲ್ಲಿ ಎಲ್ಮ್ ಸ್ಟ್ರೀಟ್ ಎಂಬ ಪೇಟೆ ಬೀದಿಯಿದೆ. ಅಲ್ಲಿ ಹಿಂದೆ ವೂಲ್ವರ್ತ್ ಎಂಬ ಅಂಗಡಿಯಿತ್ತು. ಸೂಜಿಯಿಂದ ಸೋಪಿನವರೆಗೆ ಎಲ್ಲ ಸಿಗುವ ಅಂಗಡಿ, ಒಂದು ಮಗ್ಗುಲಲ್ಲಿ ಉದ್ದನೆಯ ತಿಂಡಿ ಕಟ್ಟೆ, ಅದರ ಮುಂದೆ ತಿರುಗುವ ಕುರ್ಚಿಗಳ ಸಾಲು. ಕಪ್ಪು ಜನ ಅಂಗಡಿಯಲ್ಲಿ ಏನು ಬೇಕಾದರೂ ಕೊಳ್ಳಬಹುದಿತ್ತು, ದುಡ್ಡು ಯಾರದಾದರೂ ದುಡ್ಡೇ. ಆದರೆ ಆ ಕುರ್ಚಿಗಳ ಮೇಲೆ ಕೂರುವಂತಿರಲಿಲ್ಲ. 1960ರ ಫೆಬ್ರುವರಿ 1ರಂದು ಊರಿನ ಕೃಷಿ ಮತ್ತು ತಾಂತ್ರಿಕ ಕಾಲೇಜಿನ ಮೊದಲ ವರ್ಷದ ನಾಲ್ವರು ಹುಡುಗರು, ಎಜೆಲ್ ಬ್ಲೇರ್, ಫ್ರಾಂಕ್ಲಿನ್ ಮೆಕೇನ್, ಜೋಸೆಫ್ ಮೆಕ್ನೀಲ್, ಡೇವಿಡ್ ರಿಚ್ಮಂಡ್, ಅಲ್ಲಿಗೆ ಬಂದರು. ಟೂತ್‌ಪೇಸ್ಟು ಮುಂತಾದ ಸಣ್ಣ ಸಾಮಾನು ಕೊಂಡು ರಸೀತಿ ಇಸಿದುಕೊಂಡರು. ಆಮೇಲೆ ಹೋಗಿ ಆ ಕುರ್ಚಿಗಳ ಮೇಲೆ ಕೂತು ಕಾಫಿ ಕೇಳಿದರು. ಕೊಡುವುದಿಲ್ಲ ಎಂದರು. ಪಕ್ಕದಲ್ಲೇ ನಮ್ಮ ದುಡ್ಡು ತೆಗೆದುಕೊಂಡಿರಲ್ಲ, ಇಲ್ಲೇಕೆ ಆಗದು ಎಂದು ಕೇಳಿ, ಅಂಗಡಿ ಮುಚ್ಚುವವರೆಗೆ ಕೂತೇ ಇದ್ದರು. ಹೊಡೆಯಲಿಲ್ಲ, ಬೈಯಲಿಲ್ಲ, ಸುಮ್ಮನೆ ಕೂತರು. ಮಾರನೇ ದಿನ ಇಪ್ಪತ್ತು ಚಿಲ್ಲರೆ ಮಂದಿ, ಮುಂದೆ ನೂರಾರು ಮಂದಿ. ಅಲ್ಲಿನ ಬೆನೆಟ್ ಎಂಬ ಹೆಣ್ಣುಮಕ್ಕಳ ಕಾಲೇಜಿನವರೂ ಬಂದು ಕೂತರು. ಮಾರ್ಚ್ ಮುಗಿಯುವಷ್ಟರಲ್ಲಿ ಈ ಕೂರುವ ಚಳವಳಿ 50ಕ್ಕೂ ಹೆಚ್ಚು ಊರುಗಳಿಗೆ ಹಬ್ಬಿತು.

ಅದೇ ಕಟ್ಟಡದಲ್ಲಿ, ಸರಿಯಾಗಿ ಐವತ್ತು ವರ್ಷದ ಬಳಿಕ, 2010ರ ಫೆಬ್ರುವರಿ 1ರಂದು ಮ್ಯೂಸಿಯಂ ತೆರೆದಿದ್ದಾರೆ. ಕಟ್ಟೆ, ಕುರ್ಚಿ ಎಲ್ಲ ಇದ್ದ ಜಾಗದಲ್ಲೇ ಇವೆ. ಒಂದು ತುಂಡನ್ನು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಂಗೆ ಕೊಟ್ಟಿದ್ದಾರೆ. ಎರಡು ಮುಖದ ಕೋಕಾ ಕೋಲಾ ಯಂತ್ರವೂ ಅಲ್ಲುಂಟು. ಒಂದು ಮುಖ ಬಿಳಿಯರ ಕಡೆಗೆ, ಇನ್ನೊಂದು ಕಪ್ಪು ಜನರ ಕಡೆಗೆ. ಒಳಗಿನ ಪಾನಕ ಮಾತ್ರ ಒಂದೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಗತಿ. ಆರು ತಿಂಗಳ ಹಗ್ಗಜಗ್ಗಾಟದ ನಂತರ ಅಂಗಡಿಯವರು ಸೋತು, 1960ರ ಜುಲೈ 25ರಂದು ಕಟ್ಟೆಯನ್ನು ಎಲ್ಲರಿಗೂ ತೆರೆದರು. ಅಂದು ಮೊದಲು ಕೂತು ಉಂಡ ಕಪ್ಪು ಜನ ಯಾರು ಗೊತ್ತೆ? ಆ ನಾಲ್ವರು ಹುಡುಗರಲ್ಲ. ಅದೇ ಅಂಗಡಿಯ ನಾಲ್ವರು ಕೆಲಸಗಾರರು. ಅವರಲ್ಲಿ ಜಿನೀವಾ ಟಿಸ್‌ಡೇಲ್ ಎಂಬಾಕೆ ಅದೇ ತಿಂಡಿ ಕಟ್ಟೆಯಲ್ಲಿ ಕೆಲಸ ಮಾಡುತ್ತಿದ್ದವಳು. ಸಮವಸ್ತ್ರ ಕಳಚಿ, ತಮ್ಮದೇ ಒಳ್ಳೆಯ ಬಟ್ಟೆ ತೊಟ್ಟು, ಗಿರಾಕಿಗಳ ಹಾಗೆ ಬಂದು ಕೂರಲು ಹೇಳಿದರಂತೆ. ದಿನವೂ ತಾನು ಕೆಲಸ ಮಾಡುವ ಕಟ್ಟೆ, ತಾನು ಕಂಡ ತಟ್ಟೆ ಲೋಟ, ಆದರೆ ಕೂತಿದ್ದು ಅಂದೇ ಮೊದಲು.

ಅಡುಗೆಮನೆ ಬಲ್ಲ ಹೆಂಗಸಿಗೆ ಇದು ಪುಸ್ತಕದಲ್ಲಿ ಓದಿ ತಿಳಿಯುವ ವಿಷಯವಲ್ಲ. ಬಡಿಸಿ ಬಡಿಸಿ, ಎಲ್ಲರೂ ಎದ್ದ ಮೇಲೆ, ಆರಿದ ಸಾರು ಹಾಕಿಕೊಂಡು ಕೂರುವುದು ನಮಗೂ ಗೊತ್ತು. ಆದರೆ ನಮಗೆ ಕೊನೆಯಲ್ಲಾದರೂ ಒಂದು ಮಣೆ ಇತ್ತು.

ಅಲ್ಲಿ ನಿಂತಾಗ ಇನ್ನೊಂದು ಲೆಕ್ಕ ಮನಸ್ಸಿಗೆ ಬಂತು. ಆ ಬಿಳಿಯರು ಕಪ್ಪು ಹೆಂಗಸಿನ ಕೈಯಡುಗೆಯನ್ನು ದಿನವೂ ಉಂಡವರು. ಅವರ ಮನೆಗಳಲ್ಲೂ ಅಡುಗೆಯವಳು ಅವಳೇ, ಮಗುವಿಗೆ ತುತ್ತು ಕೊಡುವವಳೂ ಅವಳೇ. ಕೈ ಬೇಕು, ಆ ಕೈಯವಳು ಪಕ್ಕದಲ್ಲಿ ಕೂರುವುದು ಬೇಡ. ನಮ್ಮ ಕಡೆಯದು ಇನ್ನೂ ಒಂದು ಹೆಜ್ಜೆ ಮುಂದೆ. ಇಲ್ಲಿ ಆ ಕೈಯೂ ಬೇಡ, ಆ ಕೈ ಮುಟ್ಟಿದ ನೀರೂ ಬೇಡ. ನಾನು ಚಿಕ್ಕವಳಿದ್ದಾಗ, ಎಪ್ಪತ್ತರ ದಶಕದಲ್ಲಿ, ನಮ್ಮಜ್ಜಿಯ ಮನೆಯ ಹಿತ್ತಲ ಗೋಡೆಯ ಗೂಡಿನಲ್ಲಿ ಒಂದು ಲೋಟ ಕವುಚಿ ಹಾಕಿರುತ್ತಿತ್ತು. ತೋಟದ ಆಳು ಅದನ್ನು ತಾನೇ ತೆಗೆದು, ಕಾಫಿ ಹೊಯ್ಯಿಸಿಕೊಂಡು, ತಾನೇ ತೊಳೆದು ಮತ್ತೆ ಕವುಚಿಡಬೇಕು. ಆ ಲೋಟ ಮನೆಯ ಒಳಗೆ ಬಂದದ್ದನ್ನು ನಾನು ನೋಡಲೇ ಇಲ್ಲ.

ಷಾರ್ಲಟ್‌ನಲ್ಲಿ ರಾತ್ರಿ ತಂಗಿದೆವು. ಅದು ಬ್ಯಾಂಕುಗಳ ಊರು. ಬ್ಯಾಂಕ್ ಆಫ್ ಅಮೆರಿಕದ ಅರವತ್ತು ಅಂತಸ್ತಿನ ಮುಖ್ಯ ಕಚೇರಿಯ ಎದುರು ಕತ್ತು ಎತ್ತಿ ನಿಂತ ನಮ್ಮವರು, “ಇಷ್ಟೊಂದು ಮಹಡಿಯಲ್ಲಿ ಆಡಿಟ್ ಬಂದರೆ ಫೈಲು ಎಲ್ಲಿ ಹುಡುಕುತ್ತಾರೋ” ಎಂದು ಮರುಗಿದರು. ನಮ್ಮ ಮೋಟೆಲಿನ ಮಾಲೀಕರು ಗುಜರಾತಿನವರು. ಅಮೆರಿಕದ ಇಂಥ ಮೋಟೆಲುಗಳಲ್ಲಿ ಬಹಳಷ್ಟು ಗುಜರಾತಿಗಳವೇ. ಗಲ್ಲಾದಲ್ಲಿದ್ದ ಅಜ್ಜಿ ನನ್ನ ಸೀರೆ ನೋಡಿದ್ದೇ, ಬೀಗದ ಕೈ ಕೊಡುವ ಮೊದಲು, ಊಟ ಆಯಿತೆ ಎಂದು ಹಿಂದಿಯಲ್ಲಿ ಕೇಳಿದರು.

ಮರುದಿನ ಸೌತ್ ಕ್ಯಾರೊಲೈನಾ. ಗ್ಯಾಫ್ನಿ ಎಂಬ ಊರ ಬಳಿ ಹೆದ್ದಾರಿಯ ಪಕ್ಕ ಆಕಾಶದಲ್ಲಿ ಒಂದು ದೈತ್ಯ ಪೀಚ್ ಹಣ್ಣು! ಹತ್ತು ಲಕ್ಷ ಗ್ಯಾಲನ್ ಹಿಡಿಯುವ ನೀರಿನ ಟ್ಯಾಂಕಿಯನ್ನು 1981ರಲ್ಲಿ ಹಣ್ಣಿನ ಆಕಾರದಲ್ಲೇ ಕಟ್ಟಿ, ಕೆಂಪು ಹಳದಿ ಬಣ್ಣ ಬಳಿದು, ಎಲೆಯನ್ನೂ ಅಂಟಿಸಿದ್ದಾರೆ. ಅಲ್ಲಿಂದ ಮುಂದೆ ಒಂದು ಅಂಗಡಿಯಲ್ಲಿ ‘ಬೇಯಿಸಿದ ಕಡ್ಲೆಕಾಯಿ’ ಎಂಬ ಬೋರ್ಡು. ಉಪ್ಪು ನೀರಿನಲ್ಲಿ ಬೆಂದ ಬಿಸಿ ಕಡ್ಲೆಕಾಯಿ, ಥೇಟ್ ನಮ್ಮ ಬಸವನಗುಡಿ ಪರಿಷೆಯ ರುಚಿ. ಆಂಧ್ರ ಮಾರ್ಗವಾಗಿ ಬಂತೇನೋ ಎಂದು ನಮ್ಮವರು. ಅಲ್ಲ, ಕಡ್ಲೆಕಾಯಿ ಹುಟ್ಟಿದ್ದೇ ದಕ್ಷಿಣ ಅಮೆರಿಕದಲ್ಲಿ. ನಮಗೂ ಅದು ಹೊರಗಿನಿಂದ ಬಂದದ್ದೇ. ಉತ್ತರ ಅಮೆರಿಕದ ಈ ದಕ್ಷಿಣ ರಾಜ್ಯಗಳಿಗೆ ಮಾತ್ರ ಅದು ಆಫ್ರಿಕದ ದಾರಿ ಬಳಸಿ, ಗುಲಾಮರ ಹಡಗುಗಳ ಜೊತೆ ಬಂತು.

ಮಧ್ಯಾಹ್ನ ಹೆದ್ದಾರಿ ಬದಿಯ ವಿಶ್ರಾಂತಿ ತಾಣದಲ್ಲಿ ಕಾರು ನಿಲ್ಲಿಸಿದೆವು. ಮರದ ನೆರಳು, ಕಲ್ಲಿನ ಮೇಜು, ಸ್ವಚ್ಛ ಕಕ್ಕಸು. ಡಿಕ್ಕಿಯಿಂದ ಡಬ್ಬಿ ಇಳಿಯಿತು. ನೀಲಿ ಹಲಗೆಗಳನ್ನೆಲ್ಲ ದಾಟಿ ಬಂದು ಪುಳಿಯೋಗರೆ ತಿನ್ನುವ ನಮ್ಮನ್ನು ನೋಡಿ ಮಗಳಿಗೆ ನಗು. ಆಗಲೇ ಅವಳು ಗ್ರೀನ್ ಬುಕ್ಕಿನ ಕಥೆ ಹೇಳಿದ್ದು.

ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ವಿಕ್ಟರ್ ಹ್ಯೂಗೋ ಗ್ರೀನ್ ಎಂಬ ಒಬ್ಬ ಪೋಸ್ಟ್‌ಮ್ಯಾನ್ ಇದ್ದ. ಕಪ್ಪು ಜನ ಕಾರಿನಲ್ಲಿ ಪ್ರವಾಸ ಹೊರಟರೆ ಯಾವ ಊರಿನ ಯಾವ ಮನೆಯಲ್ಲಿ ಮಲಗಲು ಜಾಗ ಕೊಡುತ್ತಾರೆ, ಯಾವ ಹೋಟೆಲಿನಲ್ಲಿ ಊಟ ಹಾಕುತ್ತಾರೆ ಎಂಬ ಪಟ್ಟಿಯನ್ನು 1936ರಿಂದ ಪುಸ್ತಕವಾಗಿ ಅಚ್ಚು ಹಾಕಿಸಿದ. ಮೂವತ್ತು ವರ್ಷ ಅದು ಹೊರಬಂತು. ಹೋಟೆಲು, ವಸತಿಗೃಹಗಳಲ್ಲಿ ಬಣ್ಣದ ಭೇದ ಮಾಡಕೂಡದೆಂಬ ಕಾಯಿದೆ ಬಂದದ್ದು 1964ರ ಜುಲೈ 2ರಂದು. ಅದಾದ ಎರಡು ಮೂರು ವರ್ಷಕ್ಕೆ ಆ ಪುಸ್ತಕದ ಅಗತ್ಯವೂ ತೀರಿತು. ನಾನು ಮೆಚ್ಚಿದ ನೀಲಿ ಹಲಗೆಯ ಕೆಲಸವನ್ನು ಒಂದು ಕಾಲದಲ್ಲಿ ಕೆಲವರು ಪುಸ್ತಕದಲ್ಲಿ ಬಚ್ಚಿಟ್ಟುಕೊಂಡು ಹೋಗಬೇಕಿತ್ತು.

ಪುಸ್ತಕ ಇದ್ದರೂ ಮನೆಯ ಹೆಂಗಸರು ಹಿಂದಿನ ರಾತ್ರಿ ಕೂತು ಬುತ್ತಿ ಕಟ್ಟುತ್ತಿದ್ದರಂತೆ. ಕರಿದ ಕೋಳಿ, ಬೇಯಿಸಿದ ಮೊಟ್ಟೆ, ಒಂದು ತುಂಡು ಕೇಕು. ತುಂಬುತ್ತಿದ್ದುದು ಶೂ ಬಂದ ರಟ್ಟಿನ ಡಬ್ಬದಲ್ಲಿ. ಚಪ್ಪಲಿ ಡಬ್ಬದಲ್ಲಿ ಅನ್ನವೇ ಎಂದು ನಿಮ್ಮ ಹಾಗೆ ನನಗೂ ಒಂದು ಕ್ಷಣ ಕಸಿವಿಸಿಯಾಯಿತು. ಆದರೆ ನೋಡಿ, ಆ ತಾಯಿಗೆ ದಾರಿಯಲ್ಲಿ ತಿಂದು ಎಸೆಯಬಲ್ಲ ಗಟ್ಟಿ ಡಬ್ಬ ಬೇಕಿತ್ತು. ಅದಕ್ಕಿಂತ ಮಿಗಿಲಾಗಿ, ಹಸಿವೆ ಎಂದು ಅಳುವ ಮಗುವಿಗೆ ‘ಅಲ್ಲಿ ಕಾಣುವ ಹೋಟೆಲಿಗೆ ನಾವು ಹೋಗುವ ಹಾಗಿಲ್ಲ’ ಎಂದು ಹೇಳುವ ಪ್ರಸಂಗವೇ ಬಾರದಿರಲಿ ಎಂದು ಅವಳು ಆ ಡಬ್ಬ ತುಂಬುತ್ತಿದ್ದಳು.

ನನ್ನ ಕೈಯಲ್ಲಿನ ತುತ್ತು ಹಾಗೇ ನಿಂತಿತು. ನಮ್ಮಜ್ಜಿಯದೂ ಬುತ್ತಿಯೇ, ಆಕೆಯದೂ ಬುತ್ತಿಯೇ. ಒಬ್ಬಳು ಇತರರ ಊಟ ತನಗೆ ಬೇಡವೆಂದು ಕಟ್ಟಿಕೊಂಡು ಹೋದಳು. ಇನ್ನೊಬ್ಬಳು ತನಗೆ ಊಟ ಹಾಕುವವರಿಲ್ಲವೆಂದು ಕಟ್ಟಿಕೊಂಡು ಹೋದಳು. ಬಿಚ್ಚಿ ತಿನ್ನುವಾಗ ಎರಡೂ ಒಂದೇ ರೀತಿ ಕಾಣುತ್ತವೆ.

ಅಟ್ಲಾಂಟಾ ದೊಡ್ಡ ಊರು, ಎರಡು ದಿನವೂ ಸಾಲದು. ಜಾರ್ಜಿಯಾ ಅಕ್ವೇರಿಯಂನಲ್ಲಿ ಬಸ್ಸಿನಷ್ಟು ಉದ್ದದ ತಿಮಿಂಗಿಲ ಶಾರ್ಕ್ ನಮ್ಮ ತಲೆಯ ಮೇಲೆ ಗಾಜಿನಾಚೆ ಈಜಿತು. ಜಾನ್ ಪೆಂಬರ್ಟನ್ ಎಂಬ ಔಷಧಿಯಂಗಡಿಯವನು 1886ರಲ್ಲಿ ಕೋಕಾ ಕೋಲಾ ಕಂಡುಹಿಡಿದ ಊರೂ ಇದೇ. ಅದರದೊಂದು ಮ್ಯೂಸಿಯಂ. ಕೊನೆಯಲ್ಲಿ ದೇಶದೇಶಗಳ ಪಾನೀಯಗಳ ನಲ್ಲಿ, ಎಷ್ಟು ಬೇಕಾದರೂ ಕುಡಿಯಬಹುದು. ಪುಕ್ಕಟೆ ಎಂದ ಮೇಲೆ ನಮ್ಮವರು ಬಿಡುತ್ತಾರೆಯೇ? ಇಟಲಿಯದೊಂದು ಬೇವಿನ ಕಷಾಯದಂತಿತ್ತು. ಸಂಜೆಯವರೆಗೆ ಕಾರಿನಲ್ಲಿ ಅವರ ತೇಗಿನದೇ ಸಂಗೀತ.

ತಿನ್ನುವುದಕ್ಕೆ ಅಟ್ಲಾಂಟಾ ಸುಖವಾದ ಊರು. 1928ರಿಂದ ನಡೆಯುತ್ತಿರುವ ವಾರ್ಸಿಟಿ ಎಂಬ ತಿಂಡಿಮನೆಯಲ್ಲಿ ಗಲ್ಲಾದವರು ನೀವು ಹತ್ತಿರ ಬಂದ ಕೂಡಲೇ ‘ಏನು ಬೇಕು?’ ಎಂದು ಕೂಗುತ್ತಾರೆ. ಅದೇ ಅಲ್ಲಿನ ಸ್ವಾಗತ. ನಾವು ಈರುಳ್ಳಿ ಬಳೆಗಳ ಬಜ್ಜಿ ತಿಂದೆವು. ಇನ್ನೊಂದು ಕಡೆ ಬರೀ ತರಕಾರಿಗಳ ತಟ್ಟೆ ತರಿಸಿದೆವು. ಬೇಯಿಸಿದ ಸೊಪ್ಪಿಗೆ ಹಂದಿಮಾಂಸ ಹಾಕುವ ರೂಢಿ ಅಲ್ಲಿದೆ, ಕೇಳಿಕೊಳ್ಳಬೇಕು. ಉಳಿದಂತೆ ಜೋಳದ ಹಿಟ್ಟಿನಲ್ಲಿ ಅದ್ದಿ ಕರಿದ ಬೆಂಡೆಕಾಯಿ, ಬೇಯಿಸಿದ ಅಲಸಂದೆ, ಸಿಹಿಗೆಣಸು. ಅಮೆರಿಕದಲ್ಲಿ ಬೆಂಡೆ, ಅಲಸಂದೆ! ಎರಡೂ ಆಫ್ರಿಕದಿಂದ ಬಂದವು. ಗುಲಾಮರಾಗಿ ಬಂದವರು ತಮ್ಮ ಗುಡಿಸಲ ಹಿತ್ತಲಲ್ಲಿ ಬೆಳೆದರು, ಧಣಿಗಳ ಅಡುಗೆಮನೆಯಲ್ಲಿ ಬೇಯಿಸಿದರು, ಇಂದು ಅದು ಇಡೀ ದಕ್ಷಿಣದ ಊಟ. ಹೊಸ ವರ್ಷದ ದಿನ ಅಲಸಂದೆ ತಿಂದರೆ ಒಳ್ಳೆಯದಾಗುತ್ತದೆಂದು ಬಿಳಿಯರೂ ತಿನ್ನುತ್ತಾರೆ, ನಾವು ಬೇವುಬೆಲ್ಲ ತಿಂದ ಹಾಗೆ. ನಮ್ಮವರು ಟೀ ಕೇಳಿದ್ದಕ್ಕೆ ಅರ್ಧ ಲೀಟರಿನ ಲೋಟದಲ್ಲಿ ಐಸು ತುಂಬಿದ ಸಕ್ಕರೆ ಪಾಕದಂಥ ತಣ್ಣನೆಯ ಟೀ ಬಂತು. ಬಿಸಿ ಟೀ ಬೇಕಿದ್ದರೆ ಬಿಸಿ ಎಂದು ಹೇಳಬೇಕಂತೆ.

ಆಬರ್ನ್ ಅವೆನ್ಯೂನಲ್ಲಿ ಮಾರ್ಟಿನ್ ಲೂಥರ್ ಕಿಂಗ್ 1929ರಲ್ಲಿ ಹುಟ್ಟಿದ ಎರಡಂತಸ್ತಿನ ಮನೆ. ರಿಪೇರಿಗಾಗಿ ಮುಚ್ಚಿತ್ತು, ಹೊರಗಿನಿಂದಲೇ ನೋಡಿದೆವು. ಹತ್ತಿರದಲ್ಲೇ ನೀರಿನ ಕೊಳದ ನಡುವೆ ಅವರ ಸಮಾಧಿ, ಪಕ್ಕದಲ್ಲಿ ಹೆಂಡತಿ ಕೊರೆಟಾ. ಕೋಲು ಹಿಡಿದು ನಡೆಯುವ ಗಾಂಧೀಜಿಯ ಪ್ರತಿಮೆಯೊಂದು ಅಲ್ಲಿದೆ, 1998ರಲ್ಲಿ ನಿಲ್ಲಿಸಿದ್ದು. ನಮ್ಮವರು ಚಪ್ಪಲಿ ಬಿಟ್ಟು ನಮಸ್ಕರಿಸಿದರು.

ಆಚೆಗೇ ಕಿಂಗ್ ಮತ್ತು ಅವರ ತಂದೆ ಉಪದೇಶ ಮಾಡುತ್ತಿದ್ದ ಎಬನೇಜರ್ ಚರ್ಚು. ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತೆ. ಇದೇ ಚರ್ಚಿನಲ್ಲಿ 1965ರ ಜುಲೈ 4ರಂದು ಕಿಂಗ್ ಒಂದು ಸಂಗತಿ ಹೇಳಿದ್ದರು. 1959ರಲ್ಲಿ ಅವರು ಪತ್ನಿಯೊಡನೆ ಒಂದು ತಿಂಗಳು ಭಾರತ ಸುತ್ತಿದಾಗ ಕೇರಳದಲ್ಲಿ ಒಂದು ಶಾಲೆಗೆ ಹೋದರು. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳೇ ಹೆಚ್ಚಾಗಿದ್ದ ಶಾಲೆ. ಮುಖ್ಯೋಪಾಧ್ಯಾಯರು ಮಕ್ಕಳಿಗೆ ಅವರನ್ನು ಪರಿಚಯಿಸುತ್ತ, ಅಮೆರಿಕದಿಂದ ಬಂದಿರುವ, ನಿಮ್ಮಂತೆಯೇ ಅಸ್ಪ ೃಶ್ಯರಾದ ಒಬ್ಬರು ಎಂದರಂತೆ. ಕಿಂಗ್‌ಗೆ ಮೊದಲು ಒಂದು ಬಗೆ ಆಘಾತ. ಆಮೇಲೆ ತಮ್ಮ ದೇಶದ ಎರಡು ಕೋಟಿ ಕಪ್ಪು ಜನರ ಬಾಳನ್ನು ನೆನೆದು, ಹೌದು, ನಾನು ಅದೇ ಎಂದುಕೊಂಡರಂತೆ. ಆ ಮುಖ್ಯೋಪಾಧ್ಯಾಯರ ಮಾತು ಎಷ್ಟು ದೂರ ಹೋಯಿತು ನೋಡಿ. ತರಗತಿಯಲ್ಲಿ ನಾವು ಆಡುವ ಮಾತು ಯಾರ ಕಿವಿಯಲ್ಲಿ ಉಳಿಯುತ್ತದೋ ಯಾರು ಬಲ್ಲರು?

ನನಗೆ ನಮ್ಮ ಶಾಲೆ ನೆನಪಾಯಿತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಬಿಸಿಯೂಟ ಶುರುವಾಗಿ, ಮುಂದೆ ನಮ್ಮ ತಾಲ್ಲೂಕಿಗೂ ಬಂದಾಗ, ನಾನಿದ್ದ ಶಾಲೆಗೆ ನೇಮಕವಾದ ಅಡುಗೆಯಾಕೆ ಊರ ಹೊರಗಿನ ಕೇರಿಯವಳು. ಮರುದಿನದಿಂದಲೇ ಹದಿನೈದಿಪ್ಪತ್ತು ಮಕ್ಕಳ ಕೈಯಲ್ಲಿ ಮನೆಯ ಡಬ್ಬಿ. ಹೊಟ್ಟೆನೋವು, ವ್ರತ, ಹರಕೆ, ಒಂದೊಂದು ಮನೆಯಿಂದ ಒಂದೊಂದು ಕಾರಣ. ನಾವು ಮೂವರು ಟೀಚರುಗಳು ಯಾರಿಗೂ ಉಪದೇಶ ಮಾಡಲಿಲ್ಲ. ತಟ್ಟೆ ಹಿಡಿದು ಮಕ್ಕಳ ಸಾಲಿನಲ್ಲೇ ಕೂತು ದಿನವೂ ಉಂಡೆವು. ಆಕೆಯ ಹುಳಿಯ ಪರಿಮಳ ಉಳಿದದ್ದನ್ನು ನೋಡಿಕೊಂಡಿತು. ತಿಂಗಳೊಳಗೆ ಡಬ್ಬಿಗಳು ಒಂದೊಂದಾಗಿ ಬರುವುದು ನಿಂತವು. ಎರಡು ಡಬ್ಬಿಗಳು ಮಾತ್ರ ವರ್ಷವಿಡೀ ಬಂದವು. ಆ ಎರಡು ಮಕ್ಕಳು ಗೋಡೆಯ ಕಡೆ ತಿರುಗಿ ಉಣ್ಣುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಅಲಬಾಮಾ ಗಡಿ ದಾಟಿದೊಡನೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಮಾಂಟ್ಗಮರಿ ಅಟ್ಲಾಂಟಾದ ಮುಂದೆ ಸಣ್ಣ ಊರು, ಅಗಲ ಬೀದಿ, ವಿರಳ ಜನ. ರೋಸಾ ಪಾರ್ಕ್ಸ್ ಹೆಸರು ನಿಮಗೆ ಗೊತ್ತಿರುತ್ತದೆ. ಬಟ್ಟೆ ಹೊಲಿಯುವ ಕೆಲಸದ ನಲವತ್ತೆರಡು ವರ್ಷದ ಹೆಂಗಸು 1955ರ ಡಿಸೆಂಬರ್ 1ರ ಸಂಜೆ ಬಿಳಿಯನಿಗಾಗಿ ಬಸ್ಸಿನ ಸೀಟು ಬಿಟ್ಟೇಳಲಿಲ್ಲ. ಆಕೆಯನ್ನು ಬಂಧಿಸಿದ ಜಾಗದಲ್ಲೇ ಈಗ ಮ್ಯೂಸಿಯಂ. ಆಮೇಲಿನ 381 ದಿನ ಆ ಊರಿನ ಕಪ್ಪು ಜನ ಬಸ್ಸು ಹತ್ತಲಿಲ್ಲ. ಮಳೆಯಲ್ಲಿ, ಚಳಿಯಲ್ಲಿ ನಡೆದರು. ಇದನ್ನು ನಾನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಅಲ್ಲಿ ಹೋದ ಮೇಲೆ ಇನ್ನಿಬ್ಬರು ಹೆಂಗಸರ ಪರಿಚಯವಾಯಿತು.

ಒಬ್ಬಳು ಜೋ ಆನ್ ರಾಬಿನ್ಸನ್, ಕಾಲೇಜಿನಲ್ಲಿ ಇಂಗ್ಲಿಷ್ ಟೀಚರು. ರೋಸಾ ಬಂಧನವಾದ ರಾತ್ರಿಯೇ ಕಾಲೇಜಿಗೆ ಹೋಗಿ, ಪ್ರಶ್ನೆಪತ್ರಿಕೆ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಬೆಳಗಾಗುವವರೆಗೆ 35 ಸಾವಿರಕ್ಕೂ ಮಿಕ್ಕು ಕರಪತ್ರ ತೆಗೆದಳು. ಸೋಮವಾರ ಬಸ್ಸು ಹತ್ತಬೇಡಿ ಎಂದು. ಬೆಳಿಗ್ಗೆ ಎಂಟಕ್ಕೆ ಪಾಠಕ್ಕೂ ಹಾಜರು! ಸ್ಟೆನ್ಸಿಲ್ ಹರಿದು, ಸೆರಗಿಗೆ ಮಸಿ ಬಳಿದುಕೊಂಡು ನೂರು ಪ್ರತಿ ತೆಗೆಯುವಷ್ಟರಲ್ಲಿ ಸುಸ್ತಾಗುತ್ತಿದ್ದ ನಮ್ಮಂಥವರಿಗೇ ಗೊತ್ತು ಆ ರಾತ್ರಿಯ ಬೆಲೆ.

ಇನ್ನೊಬ್ಬಳು ಜಾರ್ಜಿಯಾ ಗಿಲ್ಮೋರ್, ಅಡುಗೆಯವಳು. ಕಿಂಗ್ ಪರವಾಗಿ ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದಕ್ಕೆ ಕೆಲಸ ಹೋಯಿತು. ಮನೆಯಲ್ಲೇ ಅಡುಗೆ ಮಾಡಿ ಮಾರಲು ಕಿಂಗ್ ಧೈರ್ಯ ಹೇಳಿದರು. ಅವಳೂ ನೆರೆಯ ಹೆಂಗಸರೂ ಸೇರಿ ಕೇಕು, ಹಣ್ಣಿನ ಪೈ, ಸ್ಯಾಂಡ್‌ವಿಚ್ ಮಾಡಿ ಮನೆಮನೆಗೆ, ಅಂಗಡಿಗಳಿಗೆ ಮಾರಿದರು. ಬಂದ ದುಡ್ಡು ಚಳವಳಿಯ ಕಾರುಗಳ ಪೆಟ್ರೋಲಿಗೆ. ಆ ಹೆಂಗಸರಲ್ಲಿ ಹಲವರು ಬಿಳಿಯರ ಮನೆಯಲ್ಲಿ ಕೆಲಸಕ್ಕಿದ್ದವರು, ಹೆಸರು ಹೊರಬಿದ್ದರೆ ಹೊಟ್ಟೆಗೆ ಕಲ್ಲು. ಅದಕ್ಕೇ ತಮ್ಮ ಕೂಟಕ್ಕೆ ‘ಎಲ್ಲಿಂದಲೂ ಅಲ್ಲದ ಸಂಘ’ ಎಂದು ಹೆಸರಿಟ್ಟರು. ದುಡ್ಡು ಎಲ್ಲಿಂದ ಬಂತು ಎಂದರೆ, ಎಲ್ಲಿಂದಲೂ ಇಲ್ಲ! ಅವಳ ಮನೆಯ ಮೇಜಿನ ಸುತ್ತ ಕಪ್ಪು ಬಿಳಿ ಎನ್ನದೆ ಜನ ಕೂತು ಉಂಡರು. 1990ರಲ್ಲಿ, ಸೆಲ್ಮಾ ಪಾದಯಾತ್ರೆಯ ಇಪ್ಪತ್ತೈದನೇ ವರ್ಷದ ನಡಿಗೆಗೆ ಬರುವವರಿಗಾಗಿ ಅಡುಗೆ ಮಾಡುತ್ತಿದ್ದಾಗಲೇ ತೀರಿಕೊಂಡಳು. ಅವಳು ಬೇಯಿಸಿಟ್ಟಿದ್ದನ್ನೇ ಸಾವಿಗೆ ಬಂದವರು ಉಂಡರಂತೆ. ಅಡುಗೆಮನೆಯಲ್ಲಿ ಬಾಳು ಸವೆಯಿತು ಎಂದು ನಾವು ಬೇಸರದಿಂದ ಹೇಳುವುದುಂಟು. ಇವಳು ಒಲೆಯ ಮುಂದಿನಿಂದಲೇ ಒಂದು ಊರಿನ ಬಸ್ಸುಗಳ ಕಾನೂನು ಬದಲಿಸಲು ನೆರವಾದಳು.

ಗುಡ್ಡದ ಮೇಲೆ, ಗುಂಪುಗಳ ಕೈಯಲ್ಲಿ ಸತ್ತ 4,400ಕ್ಕೂ ಹೆಚ್ಚು ಕಪ್ಪು ಜನರ ಸ್ಮಾರಕವಿದೆ. 2018ರಲ್ಲಿ ತೆರೆದದ್ದು. ತೂಗುಹಾಕಿದ 800ಕ್ಕೂ ಹೆಚ್ಚು ಉಕ್ಕಿನ ಕಂಬಗಳು, ಮೇಲೆ ಹೆಸರುಗಳು. ಅದನ್ನು ನೋಡಿ ಬಂದ ಮೇಲೆ ಆ ಮಧ್ಯಾಹ್ನ ನಮ್ಮಲ್ಲಿ ಯಾರೂ ಊಟದ ಮಾತೆತ್ತಲಿಲ್ಲ.

ಹಿಂತಿರುಗುವ ದಾರಿಯಲ್ಲಿ, ಜಾರ್ಜಿಯಾ ದಾಟುವ ಮೊದಲು ರಾತ್ರಿ ಹತ್ತು ದಾಟಿತ್ತು. ಡಬ್ಬಿಗಳೆಲ್ಲ ಖಾಲಿ. ವ್ಯಾಫಲ್ ಹೌಸ್ ಎಂಬ, ಹಗಲು ರಾತ್ರಿ ಬಾಗಿಲು ಹಾಕದ ಸಣ್ಣ ಹೋಟೆಲಿನ ಹಳದಿ ದೀಪ ಕಂಡಿತು. ಒಳಗೆ ಉದ್ದನೆಯ ಕಟ್ಟೆ, ತಿರುಗುವ ಕುರ್ಚಿಗಳು, ಕಣ್ಣೆದುರಿಗೇ ಒಲೆ. ನನ್ನ ವಯಸ್ಸಿನ ಕಪ್ಪು ಹೆಂಗಸೊಬ್ಬಳು ಕೈಯಲ್ಲಿ ಕಾಫಿ ಜಾಡಿ ಹಿಡಿದು, ನಮ್ಮತ್ತ ನೋಡಿ, “ಎಲ್ಲಿ ಬೇಕೋ ಅಲ್ಲಿ ಕೂರಿ ತಾಯಿ” ಎಂದಳು. ಅವಳು ದಿನಕ್ಕೆ ನೂರು ಸಲ ಹೇಳುವ ಮಾತು. ಮಗಳು ಸೋಫಾದ ಕಡೆ ಹೊರಟಳು, ನಾನು ಕಟ್ಟೆಯ ಕುರ್ಚಿಯನ್ನೇ ಹತ್ತಿ ಕೂತೆ.

ಗ್ರಿಟ್ಸ್ ತರಿಸಿದೆ. ಅದು ಮೆಕ್ಕೆಜೋಳದ ನುಚ್ಚಿನ ಬಿಸಿ ಗಂಜಿ, ಮೇಲೆ ಬೆಣ್ಣೆ. ನಾನು ಸಕ್ಕರೆಯ ಪೊಟ್ಟಣಕ್ಕೆ ಕೈ ಹಾಕಿದ್ದೇ, ಪಕ್ಕದ ಕುರ್ಚಿಯ ಕಪ್ಪು ಮುದುಕ ತಲೆಯಾಡಿಸಿದ. ಎಂಬತ್ತರ ಹತ್ತಿರವಿದ್ದಾನು. ಗ್ರಿಟ್ಸ್‌ಗೆ ಸಕ್ಕರೆ ಹಾಕುವವರು ಉತ್ತರದವರು, ನಮ್ಮ ಕಡೆ ಉಪ್ಪು ಎಂದು ಹೇಳಿ, ಉಪ್ಪಿನ ಬುರುಡೆಯನ್ನು ನನ್ನತ್ತ ಸರಿಸಿದ. ಉಪ್ಪು ಉದುರಿಸಿಕೊಂಡು, ಬೆಣ್ಣೆ ಕಲೆಸಿ ಉಂಡೆ. ಮುದುಕ ಹೇಳಿದ್ದು ಸರಿ, ಉಪ್ಪೇ ರುಚಿ.